ಕೆಂಪು ಸಾಲಿನ ಪಾಲಕರು

ಚಿಂತೆ ಮಾಡಲು ಏನೂ ಸಿಗದ ದಿನ ಕೆಲವರಿಗೆ ಊಟ ಸೇರುವುದಿಲ್ಲ. ನಾನು ಆ ಪೈಕಿಯವನು. ಬಸ್ಸು ತಡವಾದರೆ ಚಿಂತೆ ಸರಿ, ಹೊತ್ತಿಗೆ ಸರಿಯಾಗಿ ಬಂದರೂ ಈ ಡ್ರೈವರನಿಗೆ ಇಷ್ಟೇಕೆ ಅವಸರ ಎಂದು ಇನ್ನೊಂದು ಚಿಂತೆ. ಇಂಥವನ ಕೈಗೆ ಕಾಲೇಜಿನವರು ಆನ್‌ಲೈನ್ ಅಂಕಪಟ್ಟಿ ಕೊಟ್ಟದ್ದು, ಮೊದಲೇ ಮಂಗ, ಅದಕ್ಕೆ ಹೆಂಡ ಬೇರೆ ಕುಡಿಸಿದಂತಾಯಿತು.

ಚಿಕ್ಕೋಡಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಗಣಿತದ ಉಪನ್ಯಾಸಕ. ಹೊಸದಾಗಿ ಬಂದ ಪ್ರಿನ್ಸಿಪಾಲರು ಒಂದು ಪದ್ಧತಿ ಹಾಕಿದರು. ಪ್ರತಿ ಟೆಸ್ಟಿನ ಅಂಕಗಳನ್ನು ಡೌನ್‌ಲೋಡ್ ಮಾಡಿ, ಹಿಂದೆ ಬಿದ್ದವರ ಸಾಲಿಗೆ ಕೆಂಪು ಬಣ್ಣ ಹಚ್ಚಿ, ಅವರ ಪಾಲಕರಿಗೆ ಫೋನ್ ಮಾಡಬೇಕು. "ರಿಜಲ್ಟ್ ಬಂದಮ್ಯಾಲೆ ಅತ್ತು ಏನ್ ಉಪಯೋಗರಿ? ಮೊದಲ ಎಚ್ಚರಾಗೂಣು" ಎಂದರು. ಮಾತು ಬಂಗಾರದಂಥದ್ದೇ. ಆದರೆ ನನ್ನ ನಿದ್ದೆ ಕೆಟ್ಟಿತು. ಹಲ್ಲುಜ್ಜುವಾಗಲೂ ಕಣ್ಣೆದುರು ಕೆಂಪು ಸಾಲುಗಳು. ಸಂಜೆ ಲ್ಯಾಪ್‌ಟಾಪ್ ಮುಂದೆ ಕುಳಿತರೆ ಹೆಂಡತಿ ತಂದಿಟ್ಟ ಚಹಾ ಕೆನೆಗಟ್ಟುತ್ತಿತ್ತು.

ಮೊದಲ ಟೆಸ್ಟಿನ ನಂತರ ಫೋನುಗಳು ಶುರುವಾದವು. ಭೋಜ ಗ್ರಾಮದ ರೈತರೊಬ್ಬರಿಗೆ, ಸಂಜೆ ಮಗನ ಜೊತೆ ಸ್ವಲ್ಪ ಕುಳಿತುಕೊಳ್ಳಿ ಎಂದೆ. "ನಾ ಬಾಜೂಕ ಕುಂತ್ರ ಅಂವಗ ಗಣಿತ ಬರತೈತೇನ್ರಿ ಸರ? ನನಗ ಬರೂದು ಕಬ್ಬು ಒಂದ" ಎಂದರು. ಹಾರೂಗೇರಿಯ ಅಂಗಡಿಯವರದು ಇನ್ನೂ ನೇರ: "ಕಲಸಾವ್ರು ನೀವು. ಫೋನ್ ನನಗ್ಯಾಕ್ರಿ?" ನನಗೆ ಸಿಟ್ಟು ನೆತ್ತಿಗೇರಿತು. ತಂದೆಯಾದವನು ಮಗುವಿನ ಮುಖ ನೋಡಿಯೇ ತಿಳಿದುಕೊಳ್ಳಬೇಕೆಂದು ಅವರಿಗೆ ದೊಡ್ಡ ಭಾಷಣವನ್ನೇ ಬಿಗಿದೆ. ಅವರು ನಡುವೆ ಗಿರಾಕಿಗೆ ಸಕ್ಕರೆ ತೂಗಿಕೊಟ್ಟದ್ದೂ ಕೇಳಿಸಿತು.

ಎರಡನೆಯ ಟೆಸ್ಟಿನ ಪಟ್ಟಿ ಇಳಿಸಿಕೊಂಡು ಬಣ್ಣ ಹಚ್ಚತೊಡಗಿದರೆ, ಮೊದಲ ಕೆಂಪು ಸಾಲಿನಲ್ಲಿ ಶ್ವೇತಾ. ನನ್ನ ಮಗಳು. ನನ್ನದೇ ತರಗತಿಯಲ್ಲಿ ಓದುತ್ತಾಳೆ. ಜನ ಆಡಿಕೊಳ್ಳಬಾರದೆಂದು ಅವಳ ಉತ್ತರಪತ್ರಿಕೆಯನ್ನು ಸಹೋದ್ಯೋಗಿಯಿಂದ ತಿದ್ದಿಸುತ್ತಿದ್ದೆ, ಮೊದಲ ಟೆಸ್ಟಿನಲ್ಲಿ ಅವಳು ಹೇಗೋ ಕೆಂಪು ತಪ್ಪಿಸಿಕೊಂಡಿದ್ದಳು, ಹಾಗಾಗಿ ಗೊತ್ತೇ ಆಗಿರಲಿಲ್ಲ. ನೆಟ್‌ವರ್ಕನ್ನು ಬೈದು ಮತ್ತೊಮ್ಮೆ ಇಳಿಸಿಕೊಂಡೆ. ಅಂಕ ಬದಲಾಗಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಮಾಸ್ತರನ ಮಗಳು ಗಣಿತದಲ್ಲೇ ನಪಾಸಾದರೆ? ನಾಚಿಕೆಯ ಮಾತು, ಮೊದಲು ನೆನಪಾದದ್ದು ನನ್ನ ಮಾನ, ಆಮೇಲೆ ಮಗಳು.

ಪಾಲಕರ ನಂಬರ್ ನನ್ನದೇ ಆಗಿದ್ದರಿಂದ ಫೋನ್ ಮಾಡುವ ಖರ್ಚು ಉಳಿಯಿತು. ಎದ್ದು ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಈಗ ಗೊತ್ತಾತೇನ್ರಿ? ಹುಡಿಗಿ ದಿನಾ ಪುಸ್ತಕ ಹಿಡಕೊಂಡು ನಿಮ್ಮ ಮುಂದ ಬಂದು ನಿಂದರತಾಳ. ನೀವು 'ತಡಿ, ವೀಕ್ ಇದ್ದವ್ರನ್ನ ಹುಡಕಾಕತ್ತೀನಿ' ಅಂತೀರಿ."

ಶ್ವೇತಾಳನ್ನು ಕರೆದೆ. "ಮನ್ಯಾಗ ಬಿಡು, ಕ್ಲಾಸಿನ್ಯಾಗರ ಕೇಳಬೇಕಿಲ್ಲ?"

ಅವಳು ನೆಲ ನೋಡುತ್ತ ಹೇಳಿದಳು: "ಕೇಳಿದ್ರ ನೀವು, 'ಇಷ್ಟೂ ಬರೂದಿಲ್ಲಾ, ಹತ್ತನೇ ಕ್ಲಾಸ ಹೆಂಗ ಪಾಸಾದಿ' ಅಂತೀರಿ ಪಪ್ಪಾ. ಎಲ್ಲಾರೂ ನಗತಾರ. ಅದಕ್ಕ ಯಾರೂ ಕೇಳೂದಿಲ್ಲ."

ಆ ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ನಾಲಿಗೆ ಬಿಗಿಹಿಡಿದು, ಅವಳ ಪಕ್ಕ ಕುಳಿತು ಲೆಕ್ಕ ಹೇಳಿಕೊಟ್ಟೆ. ಎರಡು ಬಂದವು. ಮೂರನೆಯದು ಮರುದಿನ ಬೆಳಿಗ್ಗೆ ಮಾಡಿಸಿದರೂ ಬರಲಿಲ್ಲ.

ಕಾಲೇಜಿನಲ್ಲಿ ಆ ಮೂರನೆಯ ಲೆಕ್ಕವನ್ನೇ ಬೋರ್ಡಿನ ಮೇಲೆ ಬಿಡಿಸಿದೆ, ಅವಳಾದರೂ ಬಾಯಿ ಬಿಡಲಿ ಎಂದು. ಜೀವಮಾನದಲ್ಲೇ ಬಳಸದಷ್ಟು ಮೃದುವಾದ ದನಿ ತೆಗೆದು ಹೇಳಿದೆ: "ತಿಳೀಲಿಲ್ಲಂದ್ರ ಕೇಳ್ರೆಪಾ, ನಾ ಏನೂ ಬೈಯೂದಿಲ್ಲ. ಎಲ್ಲಾರಿಗೂ ತಿಳೀತೇನು?"

ನನ್ನ ಮೃದು ದನಿ ಕೇಳಿ ಹುಡುಗರು ಇನ್ನಷ್ಟು ಹೆದರಿದರು. ಇಡೀ ಕ್ಲಾಸು ಒಂದೇ ಉಸಿರಿನಲ್ಲಿ ಕೂಗಿತು: "ತಿಳೀತ್ರೀ ಸರ್!"

ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಶ್ವೇತಾ.