ಅಳಿಯನ ಮನೆಯೂ ದೇವರ ಚಿತ್ತವೂ

ಕೃಪಾ, ಸ್ಯಾಮು, ಇಬ್ಬರೂ ಕೇಳಿ. ನಿಮ್ಮ ಅಜ್ಜಿ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಚರ್ಚಿನಲ್ಲಿ ಎಲ್ಲರ ಜೊತೆ ಹಾಡುವಾಗಲೂ ನನ್ನ ದನಿ ನನ್ನ ಸೆರಗು ದಾಟಿ ಆಚೆ ಹೋಗುವುದಿಲ್ಲ. ಬರೆಯುವುದಕ್ಕೆ ಅಷ್ಟು ಭಯವಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಕಾಗದ ಎದುರು ಮಾತಾಡುವುದೂ ಇಲ್ಲ. ಅದಕ್ಕೇ ಹೇಳಲಾಗದ್ದನ್ನು ಬರೆದಿಡುತ್ತಿದ್ದೇನೆ. ವಿಷಯ ಇಷ್ಟೇ: 'ದೇವರೇ, ನಿನ್ನ ಚಿತ್ತದಂತೆ ಆಗಲಿ' ಎಂದು ಎದ್ದರೆ ಕೂತರೆ ಹೇಳುವ ನಾನು, ಆ ಚಿತ್ತ ಏನಾಗಿರಬೇಕು ಎಂಬುದನ್ನೂ ಅವನಿಗೆ ಮೆಲ್ಲಗೆ ಹೇಳಿಕೊಡುವ ಹೆಂಗಸು.

ನಮ್ಮ ಚರ್ಚಿನ ಸಭೆಯವರಲ್ಲಿ ಒಂದು ಮಾತಿದೆ, 'ಪ್ರಾರ್ಥನೆ ಮಾಡಿ ಹೇಳ್ತೀನಿ' ಅಂತ. ಹೊರಗಿನವರಿಗೆ ಇದು ಭಕ್ತಿಯ ಮಾತಾಗಿ ಕೇಳಿಸುತ್ತದೆ. ನಮ್ಮೊಳಗೆ ಎಲ್ಲರಿಗೂ ಗೊತ್ತು, ಇದರ ಅರ್ಥ 'ಆಗಲ್ಲ'. ನಿಮ್ಮ ತಾತನನ್ನು ಚರ್ಚಿನ ಖಜಾಂಚಿ ಆಗಿ ಎಂದು ಕೇಳಿದಾಗ ಅವರು ಹೀಗೇ ಅಂದರು. ಅಂದವರು ಸಾಯುವವರೆಗೂ ಪ್ರಾರ್ಥನೆ ಮಾಡುತ್ತಲೇ ಇದ್ದರು. ಉತ್ತರವನ್ನು ಈಗ ದೇವರ ಎದುರಿಗೇ ನಿಂತು ಕೇಳಿಸಿಕೊಂಡಿರಬೇಕು.

ನಾನೂ ಒಮ್ಮೆ ಹಾಗೇ ಅಂದೆ. ತಾತ ಹೋದ ಮೇಲೆ ನಂಜನಗೂಡಿನ ಮನೆಯಲ್ಲಿ ನಾನೊಬ್ಬಳೇ, ಹಾಯಾಗಿಯೇ ಇದ್ದೆ. ಕೃಪಾ, ನೀನಾಗ ಇನ್ನೂ ಅಂಬೆಗಾಲಿಡದ ಕೂಸು. ಸ್ಯಾಮು ಹುಟ್ಟಿರಲಿಲ್ಲ. ನಿಮ್ಮಮ್ಮ ಸುಗುಣ ನರಸೀಪುರದ ಆಸ್ಪತ್ರೆಯಲ್ಲಿ ನರ್ಸು, ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ನಿಮ್ಮಪ್ಪ ಜಯರಾಜ ಹೈಸ್ಕೂಲಿನಲ್ಲಿ ಗುಮಾಸ್ತರು, ಅವರ ತಾಯಿ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಹಾಗಾಗಿ ಸುಗುಣ ಫೋನ್ ಮಾಡಿ, "ಅಮ್ಮಾ, ನೀನು ಇಲ್ಲಿಗೇ ಬಂದ್ಬಿಡು. ನೀನು ಬಂದ್ರೆ ಕೆಲಸಕ್ಕೆ ಹೋಗ್ತೀನಿ, ಇಲ್ದಿದ್ರೆ ಬಿಟ್ಬಿಡ್ತೀನಿ" ಅಂದಳು. ಆ ನರ್ಸ್ ಕೆಲಸ ಬರಿಯ ಕೆಲಸವಲ್ಲ. ತಾತ ಕಂಡವರ ಗದ್ದೆಯಲ್ಲಿ ಕೂಲಿ ಮಾಡಿ ಅವಳನ್ನು ಓದಿಸಿದ್ದರು. ನಾನು, "ಪ್ರಾರ್ಥನೆ ಮಾಡಿ ಹೇಳ್ತೀನಿ ಕಣಮ್ಮ" ಅಂದೆ. ಅವಳು ನಮ್ಮ ಸಭೆಯಲ್ಲೇ ಬೆಳೆದವಳು. ಅರ್ಥ ಮಾಡಿಕೊಂಡು, "ಆಯ್ತಮ್ಮ" ಎಂದು ಫೋನ್ ಇಟ್ಟಳು.

ನನ್ನ ಕಷ್ಟ ಬೇರೆ ಏನೂ ಅಲ್ಲ, ಅಳಿಯನ ಮನೆ. ಹಬ್ಬಕ್ಕೆ ಹೋಗಿ ಎರಡು ದಿನ ಇದ್ದು ಬರುವುದು ಸರಿ. ಬಟ್ಟೆಗಂಟು ತೆಗೆದುಕೊಂಡು ಹೋಗಿ ಕೂರುವುದೆಂದರೇನು? ನನ್ನ ತಾಯಿ ತಾಂಡವಪುರದಿಂದ ನನ್ನನ್ನು ನೋಡಲು ಬಂದರೆ ಹೊಸ್ತಿಲ ಹತ್ತಿರವೇ ಕೂರುತ್ತಿದ್ದಳು. ಒಂದು ಹೊತ್ತು ಉಂಡರೆ ಅದಕ್ಕೆ ಸರಿಯಾಗಿ ಒಂದು ಮೊರ ಅವರೆಕಾಯಿ ಸುಲಿದುಕೊಟ್ಟು ಹೋಗುತ್ತಿದ್ದಳು. ಅಂಥವಳ ಮಗಳು ನಾನು. ಅದೂ ಅಲ್ಲದೆ ನಿಮ್ಮಪ್ಪ ನನಗಿಂತ ಸಂಕೋಚದ ಮನುಷ್ಯ. ಮದುವೆಯಾಗಿ ನಾಲ್ಕು ವರ್ಷವಾದರೂ ನನ್ನೊಡನೆ ಆಡಿದ್ದು 'ಚೆನ್ನಾಗಿದ್ದೀರಾ ಅತ್ತೆ', 'ಬರ್ತೀನಿ ಅತ್ತೆ', ಇಷ್ಟೇ. ಇಬ್ಬರು ಮೂಗರು ಒಂದೇ ಮನೆಯಲ್ಲಿ ಹೇಗೆ ಬಾಳುವುದು?

'ಇಷ್ಟವಿಲ್ಲ' ಎಂದು ಮಗಳಿಗೆ ಹೇಳುವ ಧೈರ್ಯ ಇರಲಿಲ್ಲ. ದೇವರೇ ಬೇಡವೆಂದರೆ ಯಾರಿಗೂ ಬೇಜಾರಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಮೊಣಕಾಲೂರಿ ಒಂದು ಗುರುತು ಕೇಳಿದೆ: 'ಇವತ್ತು ನಲ್ಲಿಯಲ್ಲಿ ನೀರು ಬಂದರೆ ನರಸೀಪುರಕ್ಕೆ ಹೋಗುತ್ತೇನೆ. ಬರದಿದ್ದರೆ ಇಲ್ಲೇ ಇರು ಎಂದು ನೀನು ಹೇಳಿದ ಹಾಗೆ.' ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ. ಹಿಂದಿನ ದಿನ ತಾನೇ ಬಂದು ಹೋಗಿತ್ತು. ಇದು ನನಗೆ ಗೊತ್ತಿತ್ತು. ದೇವರಿಗೂ ಗೊತ್ತಿದೆ ಎಂಬುದು ಮಾತ್ರ ಆಗ ಹೊಳೆಯಲಿಲ್ಲ.

ನೆಮ್ಮದಿಯಾಗಿ ಎದ್ದು ಅಕ್ಕಿ ಆರಿಸುತ್ತಾ ಕೂತೆ. ಹತ್ತು ಗಂಟೆ ಇರಬೇಕು, ನಲ್ಲಿ ಒಂದು ಸಲ ಕೆಮ್ಮಿತು. ಆಮೇಲೆ ಧೋ ಎಂದು ಸುರಿಯಿತು. ನೀರು ಬಿಡುವವನು ಮಾರನೆಯ ದಿನ ಯಾರದೋ ಮದುವೆಗೆ ಹೋಗಬೇಕಾಗಿತ್ತಂತೆ, ಅದಕ್ಕೆ ಒಂದು ದಿನ ಮುಂಚೆಯೇ ಬಿಟ್ಟಿದ್ದ. ಬೀದಿಯವರೆಲ್ಲ ಬಿಂದಿಗೆ ಹಿಡಿದು ಓಡಾಡುತ್ತಿದ್ದರು. ನಾನು ಒಂದು ಚೊಂಬನ್ನೂ ಹಿಡಿಯದೆ ನಿಂತಿದ್ದೆ.

ಪಕ್ಕದ ಮನೆಯ ಸಾಕಮ್ಮ, ನನ್ನ ಗೆಳತಿ, ಇಣುಕಿ ನೋಡಿದಳು. "ಏನಕ್ಕ, ನೀರ್ ಬಂದದೆ ಅಂತ ಎಲ್ರೂ ಕುಣೀತಾವ್ರೆ, ನೀನು ದೆವ್ವ ಕಂಡವ್ಳಂಗೆ ನಿಂತಿದ್ದೀಯಲ್ಲ?"

ನಾಚಿಕೆಯಿಂದಲೇ ಎಲ್ಲ ಹೇಳಿದೆ. ಅವಳು ಸೊಂಟದ ಮೇಲಿನ ಬಿಂದಿಗೆ ಇಳಿಸಿದಳು. "ನಾವೂ ಮನೆದೇವ್ರ ತಾವ ಹೂ ಕೇಳ್ತೀವಿ ಕಣಕ್ಕ. ಬಲಗಡೆಯಿಂದ ಬಿದ್ರೆ ಅಪ್ಪಣೆ ಆಯ್ತು ಅಂತೀವಿ. ಎಡಗಡೆಯಿಂದ ಬಿದ್ರೆ ಗಾಳಿಗೆ ಬಿತ್ತು ಅಂದ್ಬುಟ್ಟು ಇನ್ನೊಂದ್ಸಲ ಕೇಳ್ತೀವಿ. ಆದ್ರೆ ನೀನ್ ಕೇಳಿದ್ದು ಹೂವಲ್ಲ, ಮುನಿಸಿಪಾಲ್ಟಿ ನೀರು. ಅದ್ನೇ ತರಿಸವ್ನಲ್ಲ ನಿಮ್ ದೇವ್ರು, ಇನ್ನೇನ್ ಬೇಕು?"

"ಒಂದು ಗುರುತು ಸಾಲದು ಸಾಕಮ್ಮ. ಅಳಿಯಂದಿರು ತಾವಾಗೇ ಬಂದು, ಬಾಯಿಬಿಟ್ಟು ಕರೆದರೆ ಹೋಗ್ತೀನಿ."

"ಆ ಬಾಯೇ ಇಲ್ಲದ ಅಳೀಮಯ್ಯನಾ?"

"ಹೂಂ."

"ಬುಡಕ್ಕ, ನೀನು ದೇವ್ರಿಗೆ ಪರೀಕ್ಸೆ ಮಡಗ್ತಾ ಇಲ್ಲ. ಪೇಲ್ ಮಾಡಕ್ಕೇಂತಲೇ ಪೇಪರ್ ತೆಗೀತಾ ಇದ್ದೀಯ" ಎಂದು ಬಿಂದಿಗೆ ಎತ್ತಿಕೊಂಡು ಹೊರಟುಹೋದಳು.

ಮಾರನೆಯ ದಿನ ಬಾಗಿಲು ತೆಗೆದರೆ ನಿಮ್ಮಪ್ಪ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. "ಚೆನ್ನಾಗಿದ್ದೀರಾ ಅತ್ತೆ" ಎಂದರು. ಅಲ್ಲಿಗೆ ಅರ್ಧ ಮಾತು ಖರ್ಚಾಯಿತು. ಕುರ್ಚಿಯ ತುದಿಯಲ್ಲಿ ಅವರು, ಅಡುಗೆಮನೆ ಬಾಗಿಲಿಗೆ ಒರಗಿ ನಾನು. ಗೋಡೆಯ ಕ್ಯಾಲೆಂಡರನ್ನು ಇಬ್ಬರೂ ಪೂರ್ತಿ ಓದಿ ಮುಗಿಸಿದೆವು.

ಕೊನೆಗೆ ಅವರೇ ಅಂದರು: "ಸಾಕಮ್ಮೋರು ಫೋನ್ ಮಾಡಿದ್ರು ಅತ್ತೆ. ನಾನು ಬಂದು ಬಾಯಿಬಿಟ್ಟು ಕರೀಬೇಕಂತೆ."

ಹಾಗಾದರೆ ಇದು ಗುರುತೇ ಅಲ್ಲ, ಸಾಕಮ್ಮನ ಕೆಲಸ ಎಂದು ನನ್ನ ಜೀವ ಹಗುರಾಯಿತು. ಆದರೆ ಅವರು ನಿಲ್ಲಿಸಲಿಲ್ಲ.

"ಒಂದು ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸುಗುಣ ನಿಮ್ಮನ್ನ ಕರೆಸ್ತೀನಿ ಅಂದಾಗ ದೇವರ ಚಿತ್ತ ಇದ್ರೆ ಬರಲಿ ಅಂದೆ. ಒಳಗೊಳಗೆ, ಚಿತ್ತ ಇಲ್ದಿದ್ರೇ ಒಳ್ಳೇದು ಅಂತಿತ್ತು."

"ಯಾಕಪ್ಪ?"

"ಸಂಕೋಚ ಅತ್ತೆ. ಮನೇಲಿ ನಾನು ಬನಿಯನ್ನು, ಲುಂಗಿ. ಸಾರನ್ನ ಸೊರ್ ಅಂತ ಕುಡಿಯೋನು. ನೀವಿದ್ರೆ ಷರ್ಟು ಹಾಕ್ಕೊಂಡೇ ಮಲಗಬೇಕಲ್ಲ ಅಂತ ಯೋಚನೆ ಆಗೋಯ್ತು." ತಲೆ ತಗ್ಗಿಸಿಕೊಂಡು ಮುಂದುವರಿಸಿದರು. "ಮೊನ್ನೆ ಅವಳು ನರ್ಸ್ ಬಟ್ಟೆ ಇಸ್ತ್ರಿ ಮಾಡಿ, ಮಡಚಿ, ಪೆಟ್ಟಿಗೆಯ ತಳದಲ್ಲಿ ಇಟ್ಬಿಟ್ಲು. ಅಳಲೂ ಇಲ್ಲ. ನನಗೆ ನೋಡೋಕಾಗ್ಲಿಲ್ಲ. ಬನ್ನಿ ಅತ್ತೆ."

ಕಾಫಿ ತರುತ್ತೇನೆಂದು ಒಳಗೆ ಹೋದೆ. ಒಲೆಯ ಮುಂದೆ ನಿಂತವಳಿಗೆ ಪ್ರಾರ್ಥನೆ ಮಾಡಬೇಕೆನಿಸಿತು, ಆದರೆ ಕೇಳುವುದಕ್ಕೆ ಯಾವ ಗುರುತೂ ಉಳಿದಿರಲಿಲ್ಲ. 'ದೇವರೇ, ನನಗೆ ಇಷ್ಟವಿಲ್ಲ. ನಾಚಿಕೆಯಾಗುತ್ತದೆ, ಭಯವಾಗುತ್ತದೆ. ಆದರೂ ಹೋಗುತ್ತೇನೆ. ನೀನೂ ಜೊತೆಗೆ ಬಾ' ಎಂದೆ. ಅಷ್ಟು ವರ್ಷದ ಭಕ್ತಿಯಲ್ಲಿ ಅವನಿಗೆ ನಿಜ ಹೇಳಿದ್ದು ಅದೇ ಮೊದಲು ಅನ್ನಿಸುತ್ತದೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು. ಮನಸ್ಸು ಮಾತ್ರ ತಣ್ಣಗಿತ್ತು.

ನರಸೀಪುರಕ್ಕೆ ಬಂದ ಮೊದಲ ವಾರ ನಿಮ್ಮಪ್ಪ ಷರ್ಟು ಹಾಕಿಕೊಂಡೇ ಮಲಗಿದರು. ನಾನು ಅವರು ಸ್ಕೂಲಿಗೆ ಹೋಗುವವರೆಗೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸಂಕೋಚ ಮುರಿದವಳು ನೀನು, ಕೃಪಾ. ಒಂದು ದಿನ ನಿನ್ನನ್ನು ಅವರ ತೊಡೆಯಿಂದ ನನ್ನ ತೊಡೆಗೆ ದಾಟಿಸುವಾಗ ಇಬ್ಬರ ಮೇಲೂ ಒಟ್ಟಿಗೆ ಉಚ್ಚೆ ಹೊಯ್ದೆ. ಒದ್ದೆ ಬಟ್ಟೆಯಲ್ಲಿ ಎದುರುಬದುರು ಕೂತವರಿಗೆ ಮರ್ಯಾದೆ ಏನು ಉಳಿಯುತ್ತದೆ? ಅವರು ನಕ್ಕರು, ನಾನೂ ನಕ್ಕೆ. ಆ ರಾತ್ರಿ ಸಾರು ಸೊರ್ ಎಂದಿತು. ನಿಮ್ಮಮ್ಮ ಇವತ್ತಿಗೂ ಅದೇ ಬಿಳಿ ಬಟ್ಟೆ ತೊಟ್ಟು ಡ್ಯೂಟಿಗೆ ಹೋಗುವುದನ್ನು ನೀವು ದಿನಾ ನೋಡುತ್ತೀರಿ.

ಒಂದೇ ತೊಂದರೆ. ಚರ್ಚಿನಲ್ಲಿ ದೇವರು ಮಾಡಿದ ಉಪಕಾರಕ್ಕೆ ಎಲ್ಲರ ಮುಂದೆ ಸಾಕ್ಷಿ ಹೇಳುವ ದಿನ ಬಂದಾಗಲೆಲ್ಲ ನಿಮ್ಮಮ್ಮ ಎದ್ದು ನಿಂತು, "ನಮ್ಮಮ್ಮ ಹಿಂದುಮುಂದು ನೋಡದೆ, ದೇವರ ಒಂದೇ ಮಾತಿಗೆ ಮನೆ ಬಿಟ್ಟು ಎದ್ದು ಬಂದವರು" ಅನ್ನುತ್ತಾಳೆ. ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ತಲೆ ಬಗ್ಗಿಸುತ್ತೇನೆ. ಎಷ್ಟು ದೀನತೆ ನೋಡಿ ಎಂದು ಪಿಸುಗುಡುತ್ತಾರೆ. ಎದ್ದು ನಿಂತು ನಿಜ ಹೇಳೋಣವೆಂದರೆ ಧೈರ್ಯವಿಲ್ಲ. ಅದಕ್ಕೇ, ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಶಾಲೆಯ ಪುಸ್ತಕಗಳ ನಡುವೆ ಜೋಪಾನವಾಗಿಡಿ. ನನ್ನನ್ನು ಮಣ್ಣು ಮಾಡುವಾಗ ನಡೆಯುವ ಸಮಾಧಿ ಆರಾಧನೆಯ ದಿನ ಯಾರಾದರೂ ಎದ್ದು ಆ ಮಾತನ್ನೇ ಮತ್ತೆ ಶುರುಮಾಡಿದರೆ, ನಿಮ್ಮಿಬ್ಬರಲ್ಲಿ ಧೈರ್ಯ ಇರುವವರು ಇದನ್ನು ಗಟ್ಟಿಯಾಗಿ ಓದಿ. ಅವತ್ತು ಮಾತ್ರ ನನಗೆ ನಾಚಿಕೆಯಾಗುವುದಿಲ್ಲ.