ಸದ್ದಿಲ್ಲದ ಊರಿನಲ್ಲಿ ಗವಿಸಿದ್ದಪ್ಪನ ಗಂಟೆ

ದೇವರ ಮುಂದೆ ಗಂಟೆ ಬಾರಿಸಿದ್ದಕ್ಕೆ ದಂಡ ಹಾಕುವ ಊರೊಂದು ಈ ಭೂಮಿಯ ಮೇಲಿದ್ದೀತೆಂದು ಕುರುಗೋಡಿನ ಗವಿಸಿದ್ದಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕಿ ಗಿರಣಿಯ ಯಂತ್ರ ಕೂಡಿಸಲು ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವನನ್ನು ಘಾನಾ ದೇಶಕ್ಕೆ ಕಳಿಸಿದ್ದರು. ಕೆಲಸ ಮುಗಿದಿತ್ತು. ಆಕ್ರಾ ಪಟ್ಟಣದ ಗಾ ಜನರ ಹೋಮೊವೊ ಹಬ್ಬ ನೋಡಿಕೊಂಡೇ ಹೊರಡೋಣವೆಂದು ಉಳಿದ. ಹಸಿವನ್ನು ಗೇಲಿ ಮಾಡುವ ಹಬ್ಬವಂತೆ. ಹಿಂದೆ ಬರದಲ್ಲಿ ಬೆಂದವರು, ಬೆಳೆ ಕೈಗೆ ಬಂದಾಗ ಹಸಿವಿನ ಮುಖಕ್ಕೇ ನಕ್ಕರಂತೆ. ಆದರೆ ಹಬ್ಬಕ್ಕೆ ಮುಂಚೆ ಒಂದು ತಿಂಗಳು ಊರಲ್ಲಿ ಡೋಲು ಬಾರಿಸಬಾರದು, ಹಾಡಬಾರದು. ಪೈರು ಮಾಗುವಾಗ ದೇವರಿಗೆ ನಿಶ್ಶಬ್ದ ಬೇಕು.

ಇದನ್ನೆಲ್ಲ ತಿಳಿಸಿದವನು ಅವನ ಜೊತೆಗಿದ್ದ ಸಿರುಗುಪ್ಪದ ಪಕ್ಕೀರಪ್ಪ. ಬಹಳ ದಿನದಿಂದ ಆ ಗಿರಣಿಯಲ್ಲಿದ್ದು ಅಲ್ಲಿಯ ಮಾತು ಕಲಿತಿದ್ದ.

ಸದ್ದಿಲ್ಲದ ಆ ತಿಂಗಳಲ್ಲೇ ಒಂದು ದಿನ ಗವಿಸಿದ್ದಪ್ಪನ ತಾಯಿ ತೀರಿಕೊಂಡು ವರ್ಷ ತುಂಬಿತು. ಬೆಳಿಗ್ಗೆ ಮಿಂದು, ಅವ್ವನ ಫೋಟೋಕ್ಕೆ ವಿಭೂತಿ ಹಚ್ಚಿ, ಗಂಟೆ ಎತ್ತಿಕೊಂಡ.

"ಬ್ಯಾಡ್ರೀ, ಸದ್ದು ಮಾಡಬಾರದು!" ಎಂದ ಪಕ್ಕೀರಪ್ಪ.

"ಡೋಲು ಬ್ಯಾಡ ಅಂದಾರ, ಗಂಟಿ ಬ್ಯಾಡ ಅಂದಾರೇನ್ಲೇ? ದೇವರ ಗಂಟಿ ಸದ್ದು, ಸದ್ದೇನು?"

ಕುರುಗೋಡಿನ ಶಾಸ್ತ್ರದ ಪ್ರಕಾರ ಮಾತು ಸರಿಯಾಗೇ ಇತ್ತು. ಶಾಸ್ತ್ರಕ್ಕೆ ಹಡಗು ಹತ್ತುವ ಅಭ್ಯಾಸವಿರಲಿಲ್ಲ, ಅಷ್ಟೆ.

ಮಂಗಳಾರತಿ ಮುಗಿಯುವುದರೊಳಗೆ ಬಾಗಿಲಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಎಲ್ಲರಿಗಿಂತ ಮುಂದೆ ಅವರಿಬ್ಬರೂ ಬಾಡಿಗೆಗಿದ್ದ ಮನೆಯೊಡತಿ. ಸದ್ದಿನ ನಿಷೇಧ ಆಕೆಯ ಬಾಯಿಗೆ ಅನ್ವಯಿಸಿದಂತೆ ಕಾಣಲಿಲ್ಲ. ಹಿಂದೆ ಕೋಲೂರಿಕೊಂಡು ಬಂದ ಓಣಿಯ ಹಿರಿಯ ಗಂಭೀರವಾಗಿ ನಾಲ್ಕು ಮಾತಾಡಿದ. ಪಕ್ಕೀರಪ್ಪನ ಮುಖ ಮದುವೆಮನೆ ಪೆಟ್ರೋಮ್ಯಾಕ್ಸಿನಂತೆ ಬೆಳಗಿತು.

"ಒಂದು ಕುರಿ, ಎರಡು ಬಾಟ್ಲಿ ಸೆರಿ ದಂಡ ರೀ."

"ಕುರಿ ತಗೊಂಡು ಏನ್ ಮಾಡ್ತಾರ?"

"ಸಾಲಿಗೆ ಕಳಸ್ತಾರೇನ್ರೀ? ಕೊಯ್ತಾರ."

"ಶಿವನೇ! ನಮ್ಮವ್ವನ ವರ್ಷದ ದಿನ ನನ್ನಿಂದ ಒಂದು ಜೀವ ಹೋಗಬೇಕಾ? ಆಕಿ ಇರುವೆಗೂ ಸಕ್ಕರಿ ಹಾಕಿದಾಕಿ!"

"ನೀವೇನು ಕೊಯ್ಯಂಗಿಲ್ಲ, ಅವರು ಕೊಯ್ತಾರ. ನೀವೇನು ತಿನ್ನಂಗಿಲ್ಲ, ತಿನ್ನಾಕ ನಾ ಅದೀನಿ. ನಿಮಗೇನು ತ್ರಾಸು?"

ಗವಿಸಿದ್ದಪ್ಪನಿಗೆ ಅಳು ತಡೆಯಲಿಲ್ಲ. ಫೋಟೋ ತೋರಿಸಿ, ಕಣ್ಣೀರು ಒರೆಸಿಕೊಂಡು, ಹಿರಿಯನಿಗೆ ಕೈಮುಗಿದ. ಇದಕ್ಕೆ ದುಭಾಷಿ ಬೇಕಾಗಲಿಲ್ಲ. ಹಿರಿಯ ಫೋಟೋವನ್ನೇ ನೋಡುತ್ತ ನಿಂತು, ಮೆಲ್ಲಗೆ ಏನೋ ಹೇಳಿದ.

"ಹಬ್ಬದಾಗ ಅವರೂ ಸತ್ತೋರನ್ನ ನೆನಸಿ ಅಳ್ತಾರಂತ. ತಾಯಿ ಸಲುವಾಗಿ ಬಾರಿಸ್ಯಾನ, ದಂಡ ಮಾಫ್ ಅಂತ," ಎಂದು ಪಕ್ಕೀರಪ್ಪ ಉಸುರಿದ. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡ ಮೇಲೆ ಅಡಿಗೆ ಮುಗಿದಿದೆ ಎಂದರೆ ಮನುಷ್ಯನ ದನಿ ಹೀಗೇ ಆಗುತ್ತದೆ.

ಹೊರಟ ಹಿರಿಯ ಹೊಸ್ತಿಲ ಬಳಿ ತಿರುಗಿ, ಗವಿಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದ. ಪಕ್ಕೀರಪ್ಪ ಒಂದು ಗಳಿಗೆ ಯೋಚಿಸಿದ.

"ಗಂಟಿ ಹೆಂಗ ಬಾರಿಸ್ತಾರ, ಒಮ್ಮೆ ತೋರ್ಸಪಾ ಅಂತಾರ್ರೀ. ಜೋರಾಗೇ ಬಾರಿಸ್ರಿ, ಹಿರೇರಿಗೆ ಕಿವಿ ಮಂದ."

ಪರದೇಶದಲ್ಲಿ ಕುರುಗೋಡಿನ ಪೂಜೆಗೆ ಸಿಕ್ಕ ಮರ್ಯಾದೆಗೆ ಗವಿಸಿದ್ದಪ್ಪ ಉಬ್ಬಿಹೋದ. ಕಣ್ಣುಮುಚ್ಚಿ, ಮಂಗಳಾರತಿಯ ಹಾಡನ್ನೂ ಸೇರಿಸಿ, ಭುಜ ನೋಯುವವರೆಗೆ ಬಾರಿಸಿದ. ಕಣ್ಣು ತೆರೆದಾಗ ಪಕ್ಕದ ಓಣಿಯೂ ಬಂದು ನಿಂತಿತ್ತು. ಮನೆಯೊಡತಿ ತಲೆಯ ಮೇಲೆ ಕೈಹೊತ್ತಿದ್ದಳು. ಹಿರಿಯನ ಎರಡು ಬೆರಳು ಮೇಲೆದ್ದಿದ್ದವು.

"ಎರಡು ಕುರಿ," ಎಂದ ಪಕ್ಕೀರಪ್ಪ.

ಸಂಜೆ ಅಂಗಳದಿಂದ ಬರುತ್ತಿದ್ದ ವಾಸನೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗವಿಸಿದ್ದಪ್ಪ ಗೋಳಾಡಿದ: "ಬಾರಿಸು ಅಂತ ಅವರೇ ಅಂದು, ಅವರೇ ದಂಡ ಹಾಕ್ತಾರಲ್ಲಲೇ, ಇದ್ಯಾವ ನ್ಯಾಯ?"

ಪಕ್ಕೀರಪ್ಪ ಎಲುಬು ಚೀಪುವುದನ್ನು ಕ್ಷಣ ನಿಲ್ಲಿಸಿದ.

"ಬಾರಿಸು ಅಂತ ಅವರೆಲ್ಲಿ ಅಂದ್ರು ರೀ? ಪಾಪ, ಊಟ ಆತೇನಪಾ ಅಂತ ಕೇಳಿದ್ರು."