ಕನ್ನಿಕಂಬದ ಬುಡದಲ್ಲಿರುವ ಹ್ಯಾಂಡಲುಗಳ ವಿಚಾರವಾಗಿ ಬಂದರಿನ ಕಂಪನಿಯವರಿಗೆ

ಮದೆನಾಡು, ಕೊಡಗು ಜಿಲ್ಲೆ,
ಕೈಲ್ ಮುಹೂರ್ತ ಕಳೆದ ವಾರ, ೧೯೫೮

ಪಡುಗಡಲ ಸರಕು ಸಾಗಾಣಿಕೆ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,
ಮಂಗಳೂರು ಬಂದರು.

ಮಾನ್ಯರೇ,

ಮಳೆ ಹಿಂದೆಗೆದು, ಕಡಲು ಶಾಂತವಾಗಿ, ತಮ್ಮ ಬಂದರು ಮತ್ತೆ ಬಾಗಿಲು ತೆರೆದಿರುವ ಈ ಶುಭಕಾಲದಲ್ಲಿ ತಾವೂ, ತಮ್ಮ ಮನೆಯವರೂ, ತಮ್ಮ ಗೇಟಿನ ಗುಮಾಸ್ತರೂ, ಆ ಗೇಟಿಗೆ ತೂಗುಹಾಕಿದ ಕಪ್ಪು ಹಲಗೆಯೂ ಕ್ಷೇಮದಿಂದಿರುವಿರೆಂದು ನಂಬಿ ಘಟ್ಟದ ಮೇಲಿನಿಂದ ನಮಸ್ಕಾರ ಕಳಿಸುತ್ತಿದ್ದೇನೆ. ಎರಡು ವರ್ಷದ ಹಿಂದಾಗಿದ್ದರೆ ತಾವು ಮದರಾಸಿನವರು, ನಾವು ಕೊಡಗಿನವರು, ನಡುವೆ ಸಂಪಾಜೆಯ ಗಡಿ. ಈಗ ಎಲ್ಲರೂ ಮೈಸೂರು ರಾಜ್ಯದವರೇ ಆಗಿರುವುದರಿಂದ, ಒಂದೇ ಮನೆಯ ಹಿರಿಯಳು ಆಚೆ ಕೋಣೆಯವರನ್ನು ವಿಚಾರಿಸಿಕೊಳ್ಳುವಷ್ಟು ಸಲುಗೆಯಿಂದ ಬರೆಯುತ್ತಿದ್ದೇನೆ. ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ಲಾರಿಯವರ ಕಡೆಯಿಂದ ಬಂದ ಕಾಗದವನ್ನು ಒಡೆದು ಓದುವುದು ಯಾರ ಕೆಲಸವೆಂದು ತಮ್ಮ ಕಚೇರಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲವೆಂದು ತಿಳಿದುಬಂದದ್ದರಿಂದ ಹೀಗೆ ಮಾಡಬೇಕಾಯಿತು.

ನಾನು ಮಡಿಕೇರಿಯ ಹೈಸ್ಕೂಲಿನಲ್ಲಿ ಓದಿದವಳು. ಯಜಮಾನರು ತೀರಿಕೊಂಡ ಮೇಲೆ ಈ ಮನೆಯ ಹಿರಿತನ ನನ್ನದು. ಮಂಗಳೂರಿಗೆ ಇಳಿಯುವ ರಸ್ತೆಯ ತಿರುವಿನಲ್ಲಿಯೇ ನಮ್ಮ ಅಂಗಳವಿರುವುದರಿಂದ, ಹುದಿಕೇರಿ, ಕುಟ್ಟದ ಕಡೆಯಿಂದ ಕಾಫಿ ಮೂಟೆ ಹೊತ್ತು ಬರುವ ಲಾರಿಗಳೆಲ್ಲ ನಮ್ಮ ತೊಟ್ಟಿಯ ನೀರನ್ನು ಕುಡಿಯದೆ ಘಟ್ಟ ಇಳಿದದ್ದಿಲ್ಲ. ಈ ಲಾರಿಯವರು ವಿಚಿತ್ರ ಜಾತಿ. ಲಾರಿಯ ಒಡೆಯನೂ ಅವನೇ, ಓಡಿಸುವವನೂ ಅವನೇ, ಚಕ್ರ ಕಳಚಿ ಕೆಸರಿನಲ್ಲಿ ಮಲಗುವವನೂ ಅವನೇ. ನನ್ನ ತಮ್ಮ ಮಾಯಿಲಪ್ಪ ಇವರಲ್ಲೊಬ್ಬ. ತನ್ನ ಪಾಲಿನ ಗದ್ದೆ ಮಾರಿ ಲಾರಿ ತಂದವನು. ಬೆಳಿಗ್ಗೆ ತನ್ನ ಮುಖ ತೊಳೆಯುವ ಮೊದಲು ಅದರ ಮುಖ ಒರೆಸುತ್ತಾನೆ. ಅದೊಂದು ನಿಂತರೆ ಅವನಿಗೆ ಹಿಂತಿರುಗಿ ಹೋಗಲು ಗದ್ದೆಯಿಲ್ಲ ಎಂಬುದನ್ನು ಮಾತ್ರ ದಯವಿಟ್ಟು ನೆನಪಿನಲ್ಲಿಡಿ, ಉಳಿದದ್ದನ್ನು ನಗುತ್ತಲೇ ಓದಬಹುದು.

ಮೊದಲು ತಮ್ಮ ಕಂಪನಿಯ ಬುದ್ಧಿಶಕ್ತಿಯನ್ನು ಹೊಗಳದೆ ಮುಂದೆ ಹೋಗುವುದು ಮರ್ಯಾದೆಯಲ್ಲ. ಕಳೆದ ಬೇಸಿಗೆಯ ಕೊನೆಯಲ್ಲಿ, ಕನ್ನಡಕ ಮಾಡಿಸಿಕೊಳ್ಳುವುದಕ್ಕೆಂದು ಮಾಯಿಲಪ್ಪನ ಲಾರಿಯಲ್ಲಿ ಕುಳಿತು ನಾನೂ ಮಂಗಳೂರಿಗೆ ಬಂದಿದ್ದಾಗ, ಆ ಬುದ್ಧಿಶಕ್ತಿಯನ್ನು ಹಳೆಯ ಕನ್ನಡಕದಲ್ಲಿಯೇ ಸ್ಪಷ್ಟವಾಗಿ ನೋಡಿದೆ. ತಮ್ಮ ಅಂಗಳದಲ್ಲಿ ಒಂದು ಕಡೆ ವ್ಯಾಪಾರದ ಧಣಿಗಳಿಗೆ ಬೆಂಚು, ಇನ್ನೊಂದು ಕಡೆ ಕಂಪನಿಯ ಕೂಲಿಗಳಿಗೆ ನೆರಳಿಗೆಂದು ತಗಡಿನ ಮಾಡು. ನಾನು ಬೆಂಚಿನಲ್ಲಿ ಕೂರಹೋದರೆ ಗುಮಾಸ್ತರು, ಅದು ಮಾಲೀಕರಿಗೆ, ಡ್ರೈವರ್ ಕಡೆಯವರು ಆಚೆ ಹೋಗಬೇಕೆಂದರು, ಆಚೆಯ ಮಾಡಿನಡಿ ಹೋದರೆ ಅದೇ ಗುಮಾಸ್ತರು ಓಡಿ ಬಂದು, "ನೀವು ಓನರ್ ಕಡೆಯವರಲ್ವಾ ಮಾರಾಯ್ರೆ, ಓನರಿಗೆ ಕೂಲಿಯವರ ಜಾಗ ಎಂಥದ್ದಕ್ಕೆ?" ಎಂದು ಬಹಳ ಗೌರವದಿಂದ ಎಬ್ಬಿಸಿದರು. ಬೆಂಚಿಗೂ ಮಾಡಿಗೂ ನಡುವೆ ಬರೀ ಬಿಸಿಲು. ಸ್ವಂತ ಲಾರಿಯನ್ನು ಸ್ವಂತ ಕೈಯಲ್ಲಿ ಓಡಿಸುವವನಿಗೆ ತಮ್ಮ ಕಂಪನಿಯಲ್ಲಿ ಗೊತ್ತುಮಾಡಿರುವ ಹುದ್ದೆ ಆ ಬಿಸಿಲೇ ಎಂದು ನನಗೆ ಆಗ ಅರ್ಥವಾಯಿತು. ಮೂಟೆ ಹರಿದರೆ ಮಾಲೀಕ, ಹೊಣೆ ಅವನದು. ಮಾತಾಡಿದರೆ ಡ್ರೈವರ್, ಬಾಯಿ ಮುಚ್ಚಬೇಕು. ಒಬ್ಬ ಮನುಷ್ಯನನ್ನು ಇಷ್ಟು ಅಚ್ಚುಕಟ್ಟಾಗಿ ಇಬ್ಬರನ್ನಾಗಿ ಮಾಡಿ, ಇಬ್ಬರಿಗೂ ಏನೂ ಕೊಡದಿರುವ ವಿದ್ಯೆಯನ್ನು ನಮ್ಮ ಹೈಸ್ಕೂಲಿನಲ್ಲಿ ಕಲಿಸಿರಲಿಲ್ಲ.

ಅಕ್ಕ ಬಿಸಿಲಲ್ಲಿ ನಿಂತದ್ದನ್ನು ನೋಡಿ ಮಾಯಿಲಪ್ಪ ಬಂದು ಎರಡೇ ಮಾತು ಕೇಳಿದ. ಕಾಯುವ ಲಾರಿಯವರಿಗೆ ಒಂದು ನೆರಳು ಬೇಕು. ಗುಮಾಸ್ತರ ಗುರುತಿನವರಿಗೆ ಮೊದಲು, ಉಳಿದವರಿಗೆ ಆಮೇಲೆ ಎನ್ನುವ ಬದಲು, ಮೊದಲು ಬಂದ ಲಾರಿಗೆ ಮೊದಲು ಸರದಿ ಕೊಡಬೇಕು. ಆಗ ತಾವೇ ಒಳಗಿನಿಂದ ಬಂದಿರಿ. ಸರದಿ ಬರೆಯುವ ಕಪ್ಪು ಹಲಗೆಯ ಮೇಲಿದ್ದ ಅವನ ಲಾರಿಯ ನಂಬರನ್ನು ತಮ್ಮ ಸ್ವಂತ ಕರ್ಚೀಫಿನಿಂದ ಒರೆಸಿ, ಇನ್ನು ಈ ಗೇಟಿನಲ್ಲಿ ಈ ಲಾರಿಗೆ ಕೆಲಸವಿಲ್ಲವೆಂದು ಹೇಳಿ, ಕರ್ಚೀಫನ್ನು ಕೊಡವಿ ಮಡಿಸಿ ಜೇಬಿಗಿಟ್ಟುಕೊಂಡಿರಿ. ಇಷ್ಟು ದೊಡ್ಡ ಸಾಹೇಬರು ಸೀಮೆಸುಣ್ಣದ ಧೂಳಿಗೂ ಅಂಜದೆ ಕೈಯಾರೆ ಕೆಲಸ ಮಾಡುವುದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ತಮ್ಮ ಗೇಟು ಬಿಟ್ಟರೆ ಘಟ್ಟದ ಕೆಳಗೆ ಕಾಫಿ ಮೂಟೆ ಇಳಿಸಿಕೊಳ್ಳುವವರು ಬೇರೆ ಇಲ್ಲ. ವಾಪಸು ಬರುವ ದಾರಿಯುದ್ದಕ್ಕೂ ಮಾಯಿಲಪ್ಪ ಆಡಿದ್ದು ಒಂದೇ ಮಾತು: "ಅಕ್ಕ, ನಾ ಮಾಲೀಕನಾ ಕೂಲಿಯವನಾ, ನಂಗೆ ಗೊತ್ಲೆ."

ಗೊತ್ತುಮಾಡಿಕೊಳ್ಳೋಣವೆಂದು ಲಾರಿಯವರೆಲ್ಲ ಸೇರಿ ಒಂದು ಸಂಘ ಕಟ್ಟಹೊರಟರು. ಕಾರ್ಮಿಕರ ವಿಚಾರ ನೋಡುವ ಕಚೇರಿಯವರು, ನೀವು ಮಾಲೀಕರು, ನಿಮಗೆ ಕಾರ್ಮಿಕ ಸಂಘವಿಲ್ಲವೆಂದರು. ಮಾಲೀಕರ ಸಂಘದವರು, ನೀವು ಸ್ಟಿಯರಿಂಗ್ ಹಿಡಿಯುವವರು, ನಿಮ್ಮ ಬನಿಯನಿಗೆಲ್ಲ ಗ್ರೀಸು, ನಮ್ಮ ಕುರ್ಚಿಗಳು ಹೊಸವು ಎಂದರು. ಹೀಗೆ ಸರ್ಕಾರದಲ್ಲಿಯೂ ಬೆಂಚಿಗೂ ಮಾಡಿಗೂ ನಡುವಿನ ಬಿಸಿಲೇ ಸಿಕ್ಕಿದ ಮೇಲೆ, ಮಳೆಗಾಲದ ಒಂದು ಮಧ್ಯಾಹ್ನ ಅಷ್ಟೂ ಮಂದಿ ನಮ್ಮ ಜಗಲಿಗೆ ಬಂದು ಕುಳಿತರು.

ನಿಜ ಹೇಳಬೇಕೆಂದರೆ, ಮಾನ್ಯರೇ, ಅಂದಿನ ಸಭೆಯನ್ನು ನೋಡಿದ್ದರೆ ತಾವು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದಿರಿ. ಎಲ್ಲರೂ ಒಡೆಯರೇ ಆದ್ದರಿಂದ ಅಧ್ಯಕ್ಷನಾಗಲು ಎಲ್ಲರೂ ಸಿದ್ಧ, ಸದಸ್ಯನಾಗಲು ಯಾರೂ ಇಲ್ಲ. ಹುದಿಕೇರಿಯ ಉತ್ತಯ್ಯ, ಸೈನ್ಯದಲ್ಲಿ ಲಾರಿ ಓಡಿಸಿದವರು, "ನಾನು ಬರ್ಮಾದಲ್ಲಿ ಗಾಡಿ ಬಿಟ್ಟವ, ನೀವೆಲ್ಲ ನನ್ನ ಹಿಂದೆ ಬರ್ಬೇಕು" ಎಂದರು. ಕುಟ್ಟದ ಮೊಯ್ದು, "ನಿಮ್ಮ ಹಿಂದೆ ಬಂದ್ರೆ ಹೊಗೆ ಬಿಟ್ಟು ಬೇರೆ ಏನೂ ಕಾಣುದಿಲ್ಲ ಉತ್ತಯ್ಯಣ್ಣ" ಎಂದ. ಇಷ್ಟಕ್ಕೇ ಸಂಘ ಮುಗಿದು, ಯಾರ ಲಾರಿಗೆ ಬ್ರೇಕು ಹೆಚ್ಚು ಗಟ್ಟಿ ಎಂಬಲ್ಲಿಗೆ ಮಾತು ಬಂತು. ಮಾಯಿಲಪ್ಪ ಮಾತ್ರ ಮೂಲೆಯಲ್ಲಿ ಕುಳಿತು, ಕೆಲಸವಿಲ್ಲದ ತನ್ನ ಹ್ಯಾಂಡಲನ್ನು ಒರೆಸುತ್ತಿದ್ದ. ಬೆಳಗಿನ ಚಳಿಗೆ ಇಂಜಿನಿನ ಮೂತಿಗೆ ಸಿಕ್ಕಿಸಿ ತಿರುಗಿಸದಿದ್ದರೆ ಯಾವ ಲಾರಿಯೂ ಎಚ್ಚರಗೊಳ್ಳದಂಥ ಆ ಕಬ್ಬಿಣದ ಹ್ಯಾಂಡಲು. ಅದನ್ನು ನೋಡಿ ನನಗೆ ಕೈಲ್ ಮುಹೂರ್ತದ ನೆನಪಾಯಿತು.

ತಾವು ಘಟ್ಟದ ಕೆಳಗಿನವರಾದ್ದರಿಂದ ವಿವರಿಸುತ್ತೇನೆ. ನಾಟಿ ಮುಗಿದ ಮೇಲೆ ನಮ್ಮಲ್ಲಿ ಕೋವಿ, ಕತ್ತಿಗಳನ್ನು ತೊಳೆದು, ನಡುಮನೆಯ ಕನ್ನಿಕಂಬದ ಬುಡದಲ್ಲಿಡುತ್ತೇವೆ. ಅದು ಮನೆಯ ಹಿರಿಯರ ನೆಲೆಯೆಂದು ದೀಪವಿಡುವ ಕಂಬ. ಅಲ್ಲಿಟ್ಟದ್ದನ್ನು ಇಟ್ಟವನೇ ತೆಗೆದುಕೊಳ್ಳುವ ಹಾಗಿಲ್ಲ. ಹಬ್ಬದ ದಿನ ಪೂಜೆ, ಊಟ ಆದ ಮೇಲೆ ಮನೆಯ ಹಿರಿಯರು ಎತ್ತಿ, ಒಬ್ಬೊಬ್ಬರ ಕೈಗೆ ಕೊಟ್ಟು, ಒಂದು ಒಳ್ಳೆಯ ಮಾತು ಹೇಳಿ ಕಳಿಸಬೇಕು. ಈಗ ಆ ಕೆಲಸ ನನ್ನದು. ಮೊದಮೊದಲು ಕುಟುಂಬದ ಗಂಡಸರು ಕೆಮ್ಮಿದರು, ಈಗ ಕೆಮ್ಮುವುದಿಲ್ಲ. ಹ್ಯಾಂಡಲೂ ಆಯುಧವೇ, ತಂದಿಡಿ ಎಂದೆ. ಸರ್ಕಾರಕ್ಕೆ ನೀವು ಸಂಘವಾಗದಿದ್ದರೆ ಬೇಡ, ಈ ಕಂಬಕ್ಕೆ ಒಂದು ಮನೆಯವರಾಗಿ ಎಂದೆ. ಬರ್ಮಾ ಗೆದ್ದವರು ಮೊದಲು ಎದ್ದರು. ಮೊಯ್ದು ಹೊಸ್ತಿಲ ಆಚೆ ನಿಂತು, "ನಮ್ದು ಕೂಡ ಇಲ್ಲಿ ಇಡ್ಬಹುದಾ ಅಮ್ಮಾ?" ಎಂದು ಕೇಳಿದ, ಕಬ್ಬಿಣಕ್ಕೆ ಎಣ್ಣೆ ಹಚ್ಚುವುದಷ್ಟೇ ನನಗೆ ಗೊತ್ತು, ತಾ ಎಂದೆ. ಅಧ್ಯಕ್ಷರ ಪ್ರಶ್ನೆಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹಬ್ಬದ ದಿನ ಕೋವಿಗಳನ್ನೆಲ್ಲ ಸರಿಯಾಗಿ ಹಂಚಿದೆ. ಹ್ಯಾಂಡಲುಗಳ ಹತ್ತಿರ ಬಂದಾಗ ಕಷ್ಟಕ್ಕೆ ಸಿಕ್ಕಿಕೊಂಡೆ. ಉತ್ತಯ್ಯನವರಿಗೆ ಕೊಟ್ಟು, ದಾರಿ ಸುಖವಾಗಲಿ ಎನ್ನಬಹುದು. ಮೊಯ್ದುವಿಗೆ ಕೊಟ್ಟು, ತಿರುವಿನಲ್ಲಿ ಹಾರ್ನು ಮಾಡು ಎನ್ನಬಹುದು. ಮಾಯಿಲಪ್ಪನಿಗೆ ಕೊಟ್ಟು ಎಲ್ಲಿಗೆ ಹೋಗೆನ್ನಲಿ? ಅವನ ದಾರಿಯ ಆ ತುದಿ ತಮ್ಮ ಜೇಬಿನ ಕರ್ಚೀಫಿನಲ್ಲಿದೆ. ಒಬ್ಬನ ಕೈ ಬರಿದಾಗಿ ಉಳಿಯುವಾಗ ಉಳಿದವರಿಗೆ ಹಂಚುವ ಪದ್ಧತಿ ಈ ಮನೆಯಲ್ಲಿ ಯಾವ ಕಾಲಕ್ಕೂ ಇಲ್ಲ. ಆದ್ದರಿಂದ ಯಾರಿಗೂ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ. ಕೈಕಟ್ಟಿಕೊಂಡು ನಿಂತರು, ಆಮೇಲೆ ಇನ್ನೊಂದು ಸುತ್ತು ಕಡುಬು ಹಾಕಿಸಿಕೊಂಡರು. ಇದನ್ನು ತಾವು ಮುಷ್ಕರವೆಂದು ಎಲ್ಲರಿಗೂ ತಂತಿ ಕೊಟ್ಟಿರುವಿರಂತೆ. ಮುಷ್ಕರ ಮಾಡಲು ನಾವು ಕಾರ್ಮಿಕರಲ್ಲವೆಂದು ಸರ್ಕಾರವೇ ಹೇಳಿದೆ, ಮಾನ್ಯರೇ. ಇದು ಹಬ್ಬ. ಸ್ವಲ್ಪ ಉದ್ದವಾಗಿದೆ.

ಇನ್ನು ತಮ್ಮ ಪ್ರತಿನಿಧಿ ಶ್ರೀ ತಿರುಮಲೇಶ್ವರ ಅವರ ವಿಚಾರ. ಸಂಘದ ಸುದ್ದಿ ಕಿವಿಗೆ ಬಿದ್ದು, ಲಾರಿಯವರನ್ನು ಒಲಿಸಿಕೊಂಡು ಬನ್ನಿ ಎಂದು ತಾವು ಹಬ್ಬದ ಹಿಂದಿನ ದಿನ ಕಂಪನಿಯ ಕಾರಿನಲ್ಲಿ ಕಳಿಸಿದ್ದಿರಿ. ಬಹಳ ಸಭ್ಯರು. ಹಂದಿ ಬೇಯುತ್ತಿದ್ದ ವಾಸನೆಗೆ ಜಗಲಿಯ ತುದಿಗೆ ಸರಿದು, ಬಾಳೆಹಣ್ಣು, ಹಾಲು ತೆಗೆದುಕೊಂಡು, ಕನ್ನಿಕಂಬದ ಮುಂದೆ ಸಾಲಾಗಿದ್ದ ಹ್ಯಾಂಡಲುಗಳನ್ನು ನೋಡಿ ಕೈಮುಗಿದರು. ನಮ್ಮ ಮನಸ್ಸು ಗೆಲ್ಲುವ ಉತ್ಸಾಹದಲ್ಲಿ ಅಂಗಳಕ್ಕೆ ಹೋಗಿ, ಕಾರಿನ ಹ್ಯಾಂಡಲನ್ನು ತೊಳೆದು ತಂದು, "ನಮ್ಮದೂ ಒಂದು ಇರ್ಲಿ ಅಮ್ಮ, ಕಾರಿಗೂ ಒಳ್ಳೇದಾಗ್ಲಿ" ಎಂದು ಸಾಲಿನ ಕೊನೆಯಲ್ಲಿಟ್ಟರು. ಇಟ್ಟರೆ ತೆಗೆಯುವುದು ನಿಮ್ಮ ಕೈಯಲ್ಲಿಲ್ಲ ಎಂದು ನಾನು ಹೇಳಿಯೇ ಹೇಳಿದೆ; ಉಪಚಾರದ ಮಾತೆಂದು ತಿಳಿದು ನಕ್ಕರು. ಹೊರಡುವ ಹೊತ್ತಿಗೆ ತುಂತುರು ಮಳೆಯಲ್ಲಿ ನೆನೆದಿದ್ದ ಕಾರು ಸದ್ದೆತ್ತಲಿಲ್ಲ. ನೂಕೋಣವೆಂದರೆ ನಮ್ಮ ಅಂಗಳದ ಇಳಿಜಾರು ರಸ್ತೆಯ ಕಡೆಗಿಲ್ಲ, ಗದ್ದೆಯ ಕಡೆಗಿದೆ. ಪಾಪ, ಬಸ್ಸಿನಲ್ಲಿ ಹೋದರು. ಒಂದು ಗೊನೆ ಬಾಳೆಹಣ್ಣು ಕೊಟ್ಟು ಕಳಿಸಿದ್ದೇನೆ, ತಲುಪಿರಬಹುದು.

ಆಗಿನಿಂದ ತಮ್ಮ ಕಂಪನಿಯೂ ನಮ್ಮ ಮನೆಯ ಒಂದು ಭಾಗವಾಗಿರುವುದರಿಂದ, ಹಿರಿಯಳಾಗಿ ಕೆಲವು ಸಣ್ಣ ವಿನಂತಿಗಳನ್ನು ಮಾಡಿಕೊಳ್ಳಬಹುದೆಂದು ಭಾವಿಸಿದ್ದೇನೆ. ಹಡಗು ಕಾಯುತ್ತಿದೆಯೆಂದು ತಂತಿಯ ಮೇಲೆ ತಂತಿ ಬರುತ್ತಿದೆ; ಅದು ತನ್ನ ಕಾಯುವಿಕೆಗೆ ತಾನೇ ಮಾಲೀಕನೆಂದು ದಯವಿಟ್ಟು ಹಡಗಿಗೆ ತಿಳಿಸಿ ಹೇಳಿ. ಅದನ್ನು ಬೆಂಚಿನ ಮೇಲೂ ಕೂರಿಸಬೇಡಿ, ಮಾಡಿನ ಕೆಳಗೂ ಬಿಡಬೇಡಿ, ರೂಢಿಯಾಗಲಿ. ಬೆಂಚಿಗೂ ಮಾಡಿಗೂ ನಡುವಿನ ಬಿಸಿಲನ್ನು ತೆಗೆಸಲು ಸಾಧ್ಯವಿಲ್ಲದಿದ್ದರೆ, ಬೆಂಚನ್ನೇ ಎತ್ತಿ ಮಾಡಿನ ಕೆಳಗಿಡಿಸಿ. ಎರಡು ಆಳಿನ ಕೆಲಸ, ಬೇಕಾದರೆ ಉತ್ತಯ್ಯನವರೂ ಮೊಯ್ದುವೂ ಬಂದು ಹಿಡಿಯುತ್ತಾರೆ. ಮೊದಲು ಬಂದ ಲಾರಿಗೆ ಮೊದಲು ಸರದಿ ಎಂಬುದನ್ನು ಹಲಗೆಯ ಮೇಲೆ, ಮಳೆ ಬಿದ್ದರೂ ಅಳಿಯದಂತೆ, ಬಣ್ಣದಲ್ಲಿ ಬರೆಸಿ. ಅದರ ಕೆಳಗೆ, ತಾವು ಯಾವ ಕೈಯಿಂದ ಒರೆಸಿದಿರೋ ಅದೇ ಕೈಯಿಂದ, ಮಾಯಿಲಪ್ಪನ ಲಾರಿಯ ನಂಬರನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ.

ಬರೆದ ದಿನ ತಾವೇ ಬನ್ನಿ. ಹ್ಯಾಂಡಲನ್ನು ಕೈಚಾಚಿ ತೆಗೆದುಕೊಳ್ಳುವ ಹಾಗಿಲ್ಲವಾದ್ದರಿಂದ, ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಮೊದಲು ಇಟ್ಟವರಿಗೆ ಮೊದಲು. ತಮ್ಮ ಕಂಪನಿಯದು ಕೊನೆಯದು. ಮಾಯಿಲಪ್ಪನ ಕೈಗೆ ಅವನದನ್ನು ಕೊಟ್ಟು, ನೀನು ಮಾಲೀಕನೂ ಹೌದು, ದುಡಿಯುವವನೂ ಹೌದು, ಎರಡೂ ತಲೆಯೆತ್ತಿಕೊಂಡೇ ಆಗು ಎಂದು ಹೇಳಬೇಕೆಂದುಕೊಂಡಿದ್ದೇನೆ. ತಮ್ಮ ಕೈಗೆ ತಮ್ಮದನ್ನು ಕೊಡುವಾಗ ಹೇಳುವ ಮಾತನ್ನು ಇನ್ನೂ ಯೋಚಿಸುತ್ತಿದ್ದೇನೆ. ಕಾಯುವ ಹೊತ್ತಿನಲ್ಲಿ ಕುಳಿತುಕೊಳ್ಳಲು ನಮ್ಮ ಜಗಲಿಯಲ್ಲಿ ನೆರಳಿದೆ. ಯಾರು ಮಾಲೀಕರು, ಯಾರು ಡ್ರೈವರೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ತಮ್ಮ ಕಾರಿನ ಸದ್ಯದ ಕಾವಲುಗಾತಿಯೂ, ತಮ್ಮ ವಿಶ್ವಾಸಿಯೂ ಆದ
ಕೆಳಗಿನಮನೆ ಬೊಳ್ಳಮ್ಮ

ಮರೆತ ಮಾತು: ಕಾರಿನ ಕಿಟಕಿಯೊಂದು ಮುಚ್ಚುವುದಿಲ್ಲವಾದ್ದರಿಂದ ನಮ್ಮ ಕೆಂಪು ಹೇಂಟೆ ಒಳಹೊಕ್ಕು, ಹಿಂದಿನ ಸೀಟಿನಲ್ಲಿ, ತಾವು ಕೂರುವ ಜಾಗದಲ್ಲಿಯೇ, ಕಾವಿಗೆ ಕುಳಿತಿದೆ. ಮೊಟ್ಟೆ ಅದರದೇ, ದುಡಿಮೆಯೂ ಅದರದೇ. ಅದು ಮಾಲೀಕನೋ ಕೂಲಿಯೋ ಎಂದು ತಮ್ಮ ಗುಮಾಸ್ತರನ್ನು ಕೇಳಿ ತಿಳಿಸಿದರೆ ಎಬ್ಬಿಸುವ ಪ್ರಯತ್ನ ಮಾಡಬಹುದು. ಆದರೆ ಎಚ್ಚರ, ಇದಕ್ಕೆ ನೆರಳು ಸಿಕ್ಕಿ ರೂಢಿಯಾಗಿದೆ. ಎಬ್ಬಿಸಹೋದವರ ಕರ್ಚೀಫಿಗೇ ಕುಕ್ಕುತ್ತದೆ.